ಕಾಶಿನಾಥನಿಗೆ ಹತ್ತಿದ ತಿಂಡಿ

‘ಗಂಡಸಿಗೇಕೆ ಗೌರಿ ದುಃಖ’ ಎಂದು ಗಾದೆ. ಅದನ್ನು ಕಟ್ಟಿದವರ ಕಾಲದಲ್ಲಿ ಮೊಬೈಲ್ ಇರಲಿಲ್ಲ. ಆದ್ದರಿಂದ ಈಗ ಅದಕ್ಕೊಂದು ಸಣ್ಣ ರಿಪೇರಿ ಬೇಕಾಗಿದೆ: ‘ಗಂಡಸಿಗೆ ಗೌರಿಯದೇ ದುಃಖ.’ ಗಾದೆ ಕೆಡಿಸಿದರೆಂದು ಹಿರಿಯರು ಸಿಟ್ಟಾಗಬಾರದು, ಮೊದಲು ಕಥೆ ಕೇಳಬೇಕು. ಖರೇ ಕಥೆ. ಇದರಲ್ಲಿ ಸುಳ್ಳು ಹೇಳಿದವಳು ಒಬ್ಬಳೇ, ಆ ಗೌರಿ.

ಮೊರಬದ ಕಾಶಿನಾಥನಿಗೆ ಇಪ್ಪತ್ತೆರಡು ವರ್ಷ. ಐಟಿಐ ಓದಿದವನು, ಮನೆಯ ಎರೆ ಹೊಲ ನೋಡಿಕೊಂಡು ಟ್ರ್ಯಾಕ್ಟರ್ ಹೊಡೆಯುತ್ತಾನೆ. ಊರಲ್ಲಿ ಯಾರ ಟ್ರ್ಯಾಕ್ಟರ್ ಕೆಟ್ಟರೂ ಬಾನೆಟ್ಟಿಗೆ ಕಿವಿಯಿಟ್ಟು, “ಇದು ಕೆಮ್ಮಲ್ರಿ, ದಮ್ಮು” ಎಂದು ರೋಗ ಹೇಳುವವನು. ಅಂಥವನು ಎಂಟು ದಿನಗಳಿಂದ ತಾನೇ ಕೆಟ್ಟು ನಿಂತಿದ್ದ. ಮೂರು ರೊಟ್ಟಿ ತಿನ್ನುವವನು ಅರ್ಧಕ್ಕೆ ಏಳುತ್ತಿದ್ದ. ಮೊಬೈಲ್ ಗುಂಯ್ ಎಂದರೆ ಮೈ ಝುಂ ಎನ್ನುತ್ತಿತ್ತು.

ಅವನ ಗೆಳೆಯ ಯುನೂಸ್ ಬಸ್‌ಸ್ಟ್ಯಾಂಡ್ ಬಾಜು ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಮೊಬೈಲ್ ರಿಪೇರಿಗಿಂತ ಅವನು ಹೆಸರಾದದ್ದು ದನಿ ತೆಗೆಯುವುದರಲ್ಲಿ. ಕಂಡಕ್ಟರ್, ಹೆಡ್‌ಮಾಸ್ತರು, ಮರಿ ಕಳೆದುಕೊಂಡ ಆಡು, ಯಾರ ದನಿ ಬೇಕೋ ಅವರ ದನಿ. ಅವತ್ತು ಬುಧವಾರ ಅವನು ಕಟ್ಟೆಯ ಮೇಲೆ ನಿಂತು ಕಂಡಕ್ಟರ್ ದನಿಯಲ್ಲಿ ಕೂಗಿದ: “ಏ ಕಾಶೀ ಟಿಕೇಟ್, ಕಾಶೀ ಟಿಕೇಟ್! ಹೋಗೂದು ಅಷ್ಟ, ವಾಪಸ್ ಇಲ್ಲ, ಚಿಲ್ಲರಾ ಕೇಳಬ್ಯಾಡ್ರಿ!”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಕಾಶಿನಾಥ ಬೆಚ್ಚಿಬಿದ್ದ. ಯಾಕೆಂದರೆ ಮರುದಿನ ಸಂಜೆ ಐದರ ಬಸ್ಸು ಹತ್ತಿ ಊರು ಬಿಡುವುದೆಂದು ಅವನು ಯಾರಿಗೂ ಹೇಳದೆ ನಿರ್ಧರಿಸಿದ್ದ. ಎರಡು ಅಂಗಿ ಕೈಚೀಲದಲ್ಲಿ ತುಂಬಿ, ಪಡಸಾಲೆಯಲ್ಲಿ ತಾನು ಮಲಗುವ ಹೊರಸಿನ ಕೆಳಗೆ ಇಟ್ಟಾಗಿತ್ತು. ವಾಪಸ್ ಬರುವ ವಿಚಾರ ಅವನಿಗೂ ಇರಲಿಲ್ಲ.

ಆದದ್ದು ಇಷ್ಟು. ಮೂರು ವಾರದ ಹಿಂದೆ ಅವನ ಮೊಬೈಲಿಗೆ ‘ಗೌರಿ, ಅಣ್ಣಿಗೇರಿ’ ಎಂಬ ಹುಡುಗಿಯ ಸ್ನೇಹದ ವಿನಂತಿ ಬಂತು. ಜೊತೆಗೆ ಓದಿದವರೆಲ್ಲ ಹುಬ್ಬಳ್ಳಿಯ ಕೆಲಸಕ್ಕೆ ಹೋಗಿ, ಸಂಜೆಯ ಹೊತ್ತು ಕಾಶಿನಾಥನಿಗೆ ಮಾತಿಗೆ ಸಿಗುತ್ತಿದ್ದವನು ಯುನೂಸ್ ಒಬ್ಬನೇ. ಮನೆಯಲ್ಲಿ ಅಪ್ಪ ಕೇಳುತ್ತಿದ್ದದ್ದು “ಡೀಸೆಲ್ ಹಾಕಿಸಿದೇನ್ಲೇ?” ಎಂಬ ಒಂದೇ ಪ್ರಶ್ನೆ. ಗೌರಿ ಹಾಗಲ್ಲ. ಬೆಳಗಾದರೆ “ತಿಂಡಿ ಆಯ್ತಾ?” ಎನ್ನುವಳು, ಸಂಜೆಯಾದರೆ “ತುಂಬಾ ಸುಸ್ತಾಯ್ತಾ?” ಎನ್ನುವಳು. ಹರೆಯದ ಗಂಡುಮಗನನ್ನು ಯಾರಾದರೂ ಸುಸ್ತಾಯಿತೇ ಎಂದು ಕೇಳಿದ್ದು ಅವನ ನೆನಪಿನಲ್ಲಿ ಅದೇ ಮೊದಲು.

ಹನ್ನೆರಡನೇ ದಿನ ಅವಳದೇ ವಿಡಿಯೋ ಕಾಲ್ ಬಂತು. ಬಚ್ಚಲಿನ ಬಾಗಿಲು ಹಾಕಿಕೊಂಡು, ಅವಳು ಬರೆದು ಹೇಳಿದಂತೆ ಇವನು ಅಂಗಿ ಕಳಚಿದ, ನಾಚಿಕೆಯನ್ನೂ ಕಳಚಿದ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಐದು ನಿಮಿಷಕ್ಕೆ ಆ ವಿಡಿಯೋ ಅವನ ಮೊಬೈಲಿಗೇ ಬಂತು. ಹಿಂದೆಯೇ ಹೆಸರುಗಳು ಬಂದವು: ಅಪ್ಪ, ತಂಗಿ ನಂದಾ, ಮುಂದಿನ ವಾರ ನಂದಾಳ ನಿಶ್ಚಯಕ್ಕೆ ಬರಬೇಕಿದ್ದ ದುಮ್ಮವಾಡದ ವರ ಪ್ರಭು. ದುಡ್ಡು ಹಾಕದಿದ್ದರೆ ಇವರಿಗೆಲ್ಲ ತೋರಿಸುತ್ತೇನೆ ಎಂದಿದ್ದಳು ಗೌರಿ. ಕಾಶಿನಾಥ ಇದ್ದದ್ದನ್ನು ಹಾಕಿದ. ಹಾಕಿದ ಮರುದಿನ ದುಪ್ಪಟ್ಟು ಕೇಳಿದಳು. ಆಮೇಲೆ ‘ದಿಲ್ಲಿ ಪೊಲೀಸ್ ಸಾಹೇಬ’ ಎಂಬುವನೊಬ್ಬ ಕರೆ ಮಾಡಿ ಕೇಸಾಗಿದೆ ಎಂದು ಗದರಿಸಿದ. ಗುರುವಾರ ಸಂಜೆ ಆರು ಗಂಟೆ, ಅದೇ ಕೊನೆಯ ಗಡುವು.

ಗುರುವಾರ ಬೆಳಿಗ್ಗೆ ಕಾಶಿನಾಥ ಜಳಕಕ್ಕೆ ಹೋದಾಗ ಮೊಬೈಲ್ ಗೋಡೆಯ ಗೂಡಿನಲ್ಲಿತ್ತು. ಗುಂಯ್ ಎಂದಿತು. ಬಾಜುವೇ ಇದ್ದ ಅವನ ಅವ್ವ ರೇವವ್ವ ಎತ್ತಿ ನೋಡಿದಳು. ಮಹಿಳಾ ಸಂಘದಲ್ಲಿ ಸಹಿ ಕಲಿಯಲು ಹೋಗಿ ಓದುವುದನ್ನೂ ಕಲಿತಿದ್ದಳು, ಅಕ್ಷರಕ್ಕೆ ಅಕ್ಷರ ಹೊಲಿದು ಓದಿದಳು:

“ಗೌರಿ: ತಿಂಡಿ ಆಯ್ತಾ? ಸಂಜೆ ಎಲ್ಲರಿಗೂ ತೋರಿಸ...”

ಅಲ್ಲಿಗೆ ಮೊಬೈಲಿನ ಗಾಜು ಮುಗಿದಿತ್ತು. ರೇವವ್ವನ ಎದೆಯೂ ಒಡೆದಿತ್ತು. ಬೆಂಗಳೂರಿನ ಕಡೆ ತಿಂಡಿ ಎಂದರೆ ಬೆಳಗಿನ ಇಡ್ಲಿ, ಉಪ್ಪಿಟ್ಟು. ನಮ್ಮ ಕಡೆ ತಿಂಡಿ ಎಂದರೆ ತುರಿಕೆ, ಉಗುರು ಬೇಡುವ ತುರಿಕೆ. ಮಗ ಉಣ್ಣದ್ದು, ಒಬ್ಬನೇ ಕೂಡುವುದು, ಬಚ್ಚಲು ಹೊಕ್ಕರೆ ಹೊರಗೆ ಬಾರದ್ದು, ಎಲ್ಲದಕ್ಕೂ ಒಮ್ಮೆಗೇ ಅರ್ಥ ಸಿಕ್ಕಿತು. ಹೇಳಬಾರದ ಜಾಗದಲ್ಲಿ ತಿಂಡಿ!

ಕಾಶಿನಾಥ ಮೈ ಒರೆಸಿಕೊಂಡು ಹೊರಬರುವಷ್ಟರಲ್ಲಿ ಪಡಸಾಲೆಯಲ್ಲಿ ಜಮೀಲಾಬಿ ಕೂತಿದ್ದಳು. ಯುನೂಸನ ತಾಯಿ, ಊರಿನ ಆಶಾ ಕಾರ್ಯಕರ್ತೆ. ಕೈಯಲ್ಲಿ ಮಲಾಮಿನ ಟ್ಯೂಬು.

“ಎಲ್ಲೈತ್ಯೋ ಕಾಶಿ?” ಎಂದಳು.

“ಏನ್ರಿ ಮೌಶಿ?”

ರೇವವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಮುಚ್ಚಿಡಬ್ಯಾಡ ಮಗನ. ನಾನ ಓದೀನಿ. ಯಾರೋ ಗೌರಿ ಅಂತ, ಪಾಪ, ನರ್ಸಬಾಯಿ ಇರಬೇಕು, ‘ತಿಂಡಿ ಆಯ್ತಾ, ಎಲ್ಲಾರಿಗೂ ತೋರಸು’ ಅಂತ ಬರದಾಳ. ಎಲ್ಲಾರಿಗೂ ಯಾಕ ತೋರಸ್ತಿ? ಜಮೀಲಾಬಿ ಒಬ್ಬಾಕಿಗೆ ತೋರಸು, ಸಾಕು.”

ಅವ್ವ ಓದಿದ್ದಾಳೆ. ಎಷ್ಟು ಓದಿದ್ದಾಳೆ? ಬೇರೆ ದಿನವಾಗಿದ್ದರೆ ಕಾಶಿನಾಥ ಬಿದ್ದು ಬಿದ್ದು ನಗುತ್ತಿದ್ದ. ಈಗ ಗೂಡಿನ ಮೊಬೈಲನ್ನು ಎತ್ತಿ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡ.

ಜಮೀಲಾಬಿ ಅವನ ಮುಖ ನೋಡಿದಳು. ಮನೆ ಮನೆ ಅಲೆದವಳಿಗೆ ಚರ್ಮದ ರೋಗ ಯಾವುದು, ಒಳಗಿನದು ಯಾವುದು ಎಂದು ಹೇಳಿಕೊಡಬೇಕಾಗಿಲ್ಲ.

“ರೇವಕ್ಕಾ, ಒಂದೀಟು ಚಾ ಮಾಡ್ರಿ. ಸಾವಕಾಶ ಮಾಡ್ರಿ, ಗಡಬಡಿ ಇಲ್ಲ.”

ರೇವವ್ವ ಒಳಗೆ ಹೋದ ಮೇಲೆ ಕಾಶಿನಾಥ ಪಿಸುಗುಟ್ಟಿದ: “ತಿಂಡಿ ಇಲ್ರಿ ಮೌಶಿ.”

“ಗೊತ್ತಾತು ಬಿಡು. ಹೊರಸಿನ ಕೆಳಗ ಕೈಚೀಲ ಯಾಕ ಐತಿ? ಎಲ್ಲಿಗ ಹೊಂಟಿ?”

“ಎಲ್ಲಿಗರ.”

“ವಾಪಸ್ ಬರಾವನೋ ಇಲ್ಲೋ?”

ಅವನು ನೆಲ ನೋಡಿದ. ಜಮೀಲಾಬಿ ದನಿ ಇಳಿಸಿ, ಆದರೆ ನೇರವಾಗಿಯೇ ಕೇಳಿದಳು: “ಕಾಶಿ, ಜೀವ ಕಳಕೊಳ್ಳೂ ವಿಚಾರ ಬಂದೈತೇನು?”

ಅವನ ತಲೆ ಮೆಲ್ಲಗೆ ಆಡಿತು. “ಒಂದೆರಡ ಸಲ.”

“ಹೇಳಿದೆಲ್ಲ, ಚಲೋ ಮಾಡಿದಿ,” ಎಂದು ಅವಳು ಅವನ ಕೈ ಹಿಡಿದುಕೊಂಡಳು. “ಈಗ ಉಳದದ್ದನ್ನೂ ಹೇಳು. ನಾ ಬೈಯಂಗಿಲ್ಲ.”

ಎಂಟು ದಿನ ಒಳಗೇ ಇಟ್ಟುಕೊಂಡದ್ದೆಲ್ಲ ಅವತ್ತು ಹೊರಗೆ ಬಿತ್ತು. ಮಾತಿಗಿಂತ ಅಳುವೇ ಹೆಚ್ಚಾಗಿತ್ತು. ಜಮೀಲಾಬಿ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಮೊಬೈಲ್ ಕೇಳಿದಳು. “ವಿಡಿಯೋ ನನಗ ಬ್ಯಾಡ. ಆಕಿ ಏನ ಬರದಾಳ, ಅದನ್ನಷ್ಟ ತೋರಸು.”

ಓದುತ್ತ ಓದುತ್ತ ಅವಳ ತುಟಿಯ ತುದಿಯಲ್ಲಿ ನಗು ಬಂತು.

“ಅಣ್ಣಿಗೇರಿಯಾಕಿ ಅಂದೆಲ್ಲ? ನನ್ನ ತವರಮನಿನೂ ಅಣ್ಣಿಗೇರಿನ. ಅಲ್ಲಿ ಯಾರಿಗರ ‘ತಿಂಡಿ ಆಯ್ತಾ’ ಅಂದ್ರ ಕಪಾಳಕ್ಕ ಬೀಳತೈತಿ. ‘ನಾಷ್ಟಾ ಆತೇನು’ ಅಂತಾರೋ ಹುಚ್ಚಪ್ಯಾಲಿ!”

“ಓದಿದಾಕಿ, ಅದಕ್ಕ ಹಂಗ ಮಾತಾಡ್ತಾಳ ಅಂದ್ಕೊಂಡೆರಿ.”

“ಎಲ್ಲೋ ಕುಂತಾವ ತನ್ನ ಮಾತು ಮಷೀನಿಗೆ ಹಾಕ್ತಾನ, ಅದು ಕನ್ನಡ ಮಾಡಿ ಕೊಡತೈತಿ. ವಿಡಿಯೋದಾಗ ಕಂಡಾಕಿನೂ ಯಾರೋ ಏನೋ, ಮದಲ ತುಂಬಿಟ್ಟದ್ದನ್ನ ಹಚ್ಚಿರತಾನ. ಆಕಿ ಅಣ್ಣಿಗೇರಿಯಾಕಿ ಅಲ್ಲ, ಗೌರಿನೂ ಅಲ್ಲ. ಆಕಿ ಆಕಿನ ಅಲ್ಲದನೂ ಇರಬಹುದು!”

ಕಾಶಿನಾಥ ಮೊದಲ ಸಲ ತಲೆ ಎತ್ತಿದ. ಎಂಟು ದಿನ ಅವನು ಅಂಜಿದ್ದು ತನ್ನನ್ನು ಬಲ್ಲ ಒಬ್ಬ ಹುಡುಗಿಗೆ. ಆ ಹುಡುಗಿಯೇ ಇರಲಿಲ್ಲ.

“ಯುನೂಸಗ ಬಾ ಅನ್ನಲೇನು? ನೀ ಹೂಂ ಅಂದ್ರ ಅಷ್ಟ,” ಎಂದಳು ಜಮೀಲಾಬಿ. ಅವನು ಹೂಂ ಎಂದ.

ಯುನೂಸ್ ಬಂದ. ಕೇಳಿದ. ಒಂದು ಜೋಕೂ ಹಾರಿಸಲಿಲ್ಲ. ಅದರಿಂದಲೇ ಕಾಶಿನಾಥನಿಗೆ ಹೆಚ್ಚು ಗಾಬರಿಯಾಯಿತು. ಕೊನೆಗೆ ಯುನೂಸ್ ಹೇಳಿದ: “ಎಂಟ ದಿನ ನನ್ನ ಬಾಜೂಕ ಕುಂತು ಒಬ್ಬನ ಸತ್ತೆಲ್ಲಲೇ. ನಾ ಎಲ್ಲಾರ ದನಿ ತಗೀತೀನಿ, ನಿನ್ನ ದನಿ ನನಗ ಕೇಳಸಲಿಲ್ಲ ನೋಡು.”

ಅಷ್ಟರಲ್ಲಿ ಮೊಬೈಲ್ ಗುಂಯ್ ಎಂದಿತು. ದಿಲ್ಲಿ ಸಾಹೇಬನ ವಿಡಿಯೋ ಕಾಲ್. ಯುನೂಸನ ಕಣ್ಣು ಹೊಳೆದವು. “ಅಮ್ಮಿ, ಒಂದ ಸಲ ಎತ್ತಲೇನು? ಅಂವ ದಿಲ್ಲಿ ಸಾಹೇಬ ಆದ್ರ ನಾ ಲಂಡನ್ ಸಾಹೇಬ ಆಗತೀನಿ.”

“ಸುಮ್ಮ ಕುಂದ್ರಲೇ! ಕಳ್ಳನ ಕೂಡ ಮಾತಿಗೆ ಇಳದ್ರ ಕಳ್ಳಗ ಲಾಭ. ಪೊಲೀಸರು ವಿಡಿಯೋ ಕಾಲ್‌ನ್ಯಾಗ ಯಾರನ್ನೂ ಅರೆಸ್ಟ್ ಮಾಡಂಗಿಲ್ಲ. ಈ ಸಾಹೇಬ, ಆ ಗೌರಿ, ಇಬ್ಬರೂ ಒಂದ ಮನಿಯವರು.”

“ಗಂಡ ಹೆಂಡ್ತಿ ಏನ?”

“ಒಬ್ಬನ ಇರಬಹುದು. ಬೆಳಿಗ್ಗೆ ಗೌರಿ, ಮಧ್ಯಾಹ್ನ ಸಾಹೇಬ.”

ಮೂವರೂ ಕೂಡಿ ಕೆಲಸ ಮಾಡಿದರು. ಬಂದ ಸಂದೇಶ, ನಂಬರು, ದುಡ್ಡು ಹೋದ ಖಾತೆ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟರು. ನಾಚಿಕೆಗೆ ಅಳಿಸಿ ಹಾಕುತ್ತೇನೆಂದ ಕಾಶಿನಾಥನ ಕೈಯನ್ನು ಯುನೂಸ್ ಹಿಡಿದ: “ಅಳಸಬ್ಯಾಡಲೇ, ಅದ ನಮ್ಮ ಸಾಕ್ಷಿ.” ಆಮೇಲೆ ಆ ನಂಬರುಗಳನ್ನು ಬ್ಲಾಕ್ ಮಾಡಿದರು. ಸ್ನೇಹಿತರ ಪಟ್ಟಿ ಬೇರೆಯವರಿಗೆ ಕಾಣದಂತೆ ಬೀಗ ಹಾಕಿದರು. ಬಳಿಕ ಸೈಬರ್ ಸಹಾಯವಾಣಿ 1930ಕ್ಕೆ ಕಾಶಿನಾಥನೇ ಕರೆ ಮಾಡಿ ದೂರು ಬರೆಸಿದ. ಆ ಕಡೆಯವರು ನಗಲಿಲ್ಲ, ಗದರಲಿಲ್ಲ. ಕೇಳಿದರು, ಬರೆದುಕೊಂಡರು, ದೂರಿನ ಸಂಖ್ಯೆ ಕೊಟ್ಟರು.

ಚಹಾ ತಂದ ರೇವವ್ವ ಬಾಗಿಲಲ್ಲೇ ನಿಂತಿದ್ದಳು. ಕಾಶಿನಾಥ ಅವಳಿಗೂ ಹೇಳಿದ. ರೇವವ್ವ ತಟ್ಟೆ ಕೆಳಗಿಟ್ಟು ಕೇಳಿದಳು:

“ಅಂದ್ರ... ತಿಂಡಿ ಇಲ್ಲ?”

“ಇಲ್ಲ ಬೇ.”

“ಶಿವನ ದೊಡ್ಡಾಂವ!” ಎಂದು ಅವಳು ಮಗನ ತಲೆ ಎದೆಗೆ ಒತ್ತಿಕೊಂಡಳು. “ನಿನ್ನ ಹಡದಾಕಿ ನಾನು. ನನಗೇನ ಹೊಸಾದ ತೋರಸ್ತಾನಂತ ಆ ಮೂಳ?”

ಉಳಿದವನು ಅಪ್ಪ. ಶಂಭುಲಿಂಗಪ್ಪ ಮಧ್ಯಾಹ್ನ ಕಡಲೆ ಹೊಲದಿಂದ ಬಂದ, ಕೇಳಿದ, ಎತ್ತು ಹೊಡೆಯುವ ಬಾರಕೋಲು ಕೈಲಿತ್ತು, ಗೋಡೆಗೆ ಒಗೆದ.

“ಮೊದಲ ಆ ಮೊಬೈಲ್ ಒಲಿಗೆ ಹಾಕ್ರಿ! ಗಂಡಸಮಗ ಆಗಿ ಅಳತಾನ ಮ್ಯಾಲೆ! ಪೊಲೀಸ್ ಸ್ಟೇಷನ್ ಮೆಟ್ಟಲಾ ಹತ್ತಿದ್ರ ಊರಾಗ ಏನ ಮರ್ಯಾದಿ ಉಳೀತೈತಿ?”

“ಮನ್ಯಾಗ ಕಳ್ಳ ಹೊಕ್ಕರ ಮನಿಗೇ ಬೆಂಕಿ ಹಚ್ಚತೀರೇನ್ರಿ ಅಣ್ಣಾರ?” ಎಂದಳು ಜಮೀಲಾಬಿ. “ಕಳವು ಮಾಡಿದಾವ ಅಲ್ಲೆ ನಕ್ಕೋತ ಕುಂತಾನ. ಕಳಕೊಂಡಾವಗ ಇಲ್ಲೆ ಮರ್ಯಾದಿ ಪ್ರಶ್ನೆ. ಇದ್ಯಾವ ಲೆಕ್ಕಾಚಾರ?”

“ಇಷ್ಟ ಶಾಣ್ಯಾ ಹುಡುಗ ಹೆಂಗ ಸಿಕ್ಕ?”

“ಶಾಣ್ಯಾರ ಹೆಚ್ಚಿಗಿ ಸಿಗತಾರ್ರಿ. ದಡ್ಡ ಆದಾವ ಅಂಜಿ ನಾಲ್ಕ ಮಂದೀನ ಕೇಳತಾನ. ಶಾಣ್ಯಾ ಆದಾವ ಬಾಯಿ ಮುಚ್ಚಿ ತಾನ ಬಗೀಹರಸ್ತೀನಿ ಅಂತಾನ.” ಜಮೀಲಾಬಿ ಹೊರಸಿನ ಕೆಳಗಿನ ಕೈಚೀಲ ಎಳೆದು ಅಪ್ಪನ ಮುಂದೆ ಇಟ್ಟಳು. “ಐದರ ಬಸ್ಸಿಗೆ ಹೊಂಟಿದ್ದ. ಬಸ್ಸೇ ಹತ್ತತಿದ್ನೋ, ಬ್ಯಾರೆ ಏನ ಮಾಡತಿದ್ನೋ, ಅವಗ ಗೊತ್ತಿಲ್ಲ.”

ಶಂಭುಲಿಂಗಪ್ಪ ಚೀಲದೊಳಗಿನ ಎರಡು ಅಂಗಿ ನೋಡಿದ. ಮೇಲಿದ್ದದ್ದು ಕಳೆದ ದೀಪಾವಳಿಗೆ ತಾನೇ ಕೊಡಿಸಿದ್ದು. ಅದನ್ನು ಹೊರಗೆ ತೆಗೆದು ಗೂಟಕ್ಕೆ ಹಾಕಿದ. ಆಮೇಲೆ ಮಗನ ಬಾಜು ಕೂತ.

“ಆ ಬಿಳಿ ಎತ್ತು ನೆನಪೈತೇನೋ ನಿನಗ? ನೀ ಶಾಲಿಗೆ ಹೋಗಾವ ಆವಾಗ.”

“ಸಂತ್ಯಾಗ ತಂದಿದ್ರೆಲ್ಲ. ಹರೇದ ಎತ್ತು ಅಂತಿದ್ರಿ.”

“ಹರೇದ್ದಲ್ಲ, ಮುದುಕ! ಕೊಂಬು ಹೆರದು ಬಣ್ಣಾ ಹಚ್ಚಿ ಮಾರಿದ್ದ ಮಗಾ. ಮನಿಗೆ ತಂದು ಮೈ ತೊಳದಾಗ ಗೊತ್ತಾತು. ಹದಿನೈದ ವರ್ಷ ಯಾರ ಮುಂದೂ ಬಾಯಿ ಬಿಟ್ಟಿಲ್ಲ ನಾನು. ನಿಮ್ಮವ್ವಗೂ ಹೇಳಿಲ್ಲ.”

“ನನಗ ಅವತ್ತ ಗೊತ್ತಾಗಿತ್ತು,” ಎಂದಳು ರೇವವ್ವ. “ಎತ್ತಿಗಿಂತ ಮದಲ ನಿಮ್ಮ ಮಾರಿ ಬಣ್ಣ ಇಳದಿತ್ತು.”

ಶಂಭುಲಿಂಗಪ್ಪನ ಮೀಸೆ ಅಲುಗಿತು. ಮಗನ ಹೆಗಲ ಮೇಲೆ ಕೈ ಹಾಕಿದ. “ನನಗ ಕೊಂಬಿಗೆ ಬಣ್ಣಾ ಹಚ್ಚಿ ಮಾರಿದ್ರು, ನಿನಗ ಮಾರಿಗೆ ಬಣ್ಣಾ ಹಚ್ಚಿ ಮಾರಿದ್ರು. ಏಳು. ನಾಳೆ ನವಲಗುಂದ ಪೊಲೀಸ್ ಸ್ಟೇಷನ್ನಿಗೆ ಹೋಗೂಣು. ನಾನೂ ಬರತೀನಿ.”

ಕಾಶಿನಾಥನಿಗೆ ಇನ್ನೊಂದು ಅಂಜಿಕೆ ಉಳಿದಿತ್ತು. “ಆರಕ್ಕ ದುಮ್ಮವಾಡಕ್ಕ ಕಳಿಸಿಬಿಟ್ರ? ನಂದಾನ ನಿಶ್ಚಯ?”

ನಂದಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. “ಅಂವ ಕಳಸೂದಕ್ಕಿಂತ ಮದಲ ನಾನ ಹೇಳ್ತೀನಿ ತಡಿ. ನಮ್ಮಣ್ಣಗ ಮೋಸ ಆಗೇತಿ ಅಂದ್ರ ಬ್ಯಾಡ ಅನ್ನೂ ಮನಿ ನನಗೂ ಬ್ಯಾಡ.” ಅಲ್ಲೇ ನಿಂತು ಪ್ರಭುವಿಗೆ ಕರೆ ಮಾಡಿದಳು, ಸ್ಪೀಕರ್ ಹಾಕಿದಳು, ಹೇಳಿದಳು.

ಆ ಕಡೆಯಿಂದ ಪ್ರಭುವಿನ ದನಿ ಬಂತು: “ನಿಮ್ಮೂರಾಗ ಆಕಿ ಹೆಸರು ಗೌರಿ ಏನು? ಹೋದ ವರ್ಷ ನನ್ನ ಹತ್ರ ಬಂದಾಗ ಪೂಜಾ ಇತ್ತು. ನಾ ವಿಡಿಯೋ ಎತ್ತಲಿಲ್ಲ, ಪುಣ್ಯಾಕ್ಕ ಅವತ್ತ ನೆಟ್‌ವರ್ಕ್ ಇದ್ದಿದ್ದಿಲ್ಲ. ಕಾಶಿಗೆ ಹೇಳು, ಏನರ ಬಂದ್ರ ನೋಡದ ಅಳಸ್ತೀನಿ.”

ಆರು ಗಂಟೆಗೆ ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದರು. ನಡುವೆ ಐದು ಮೊಬೈಲ್. ಆರು ಹೊಡೆಯಿತು. ಆರೂ ಐದಾಯಿತು. ಶಂಭುಲಿಂಗಪ್ಪನ ಮೊಬೈಲ್ ಟಣ್ ಎಂದಿತು. ಎಲ್ಲರೂ ಅದರತ್ತ ಬಾಗಿದರು. ಯುನೂಸ್ ಎತ್ತಿ ನೋಡಿದ.

“ಏನಲೇ ಅದು?”

“ನಮ್ಮ ಓಣಿ ಹೊಳೆಪ್ಪ ಕಾಕಾ ಕಳಿಸ್ಯಾನ, ಗುಲಾಬಿ ಹೂವಿನ ಚಿತ್ರ. ಕೆಳಗ ‘ಶುಭ ಮುಂಜಾನೆ’ ಅಂತ ಐತಿ.”

ಅಷ್ಟೇ. ಮತ್ತೇನೂ ಬರಲಿಲ್ಲ. ದುಡ್ಡು ಹುಟ್ಟದ ಕಡೆ ಕಳ್ಳನಿಗೂ ಹೊತ್ತು ಹಾಳು. ಒಂದು ವೇಳೆ ಬಂದಿದ್ದರೂ ಅಂಜುವವರು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಅವತ್ತು ಕಾಶಿನಾಥ ನಾಲ್ಕು ರೊಟ್ಟಿ ಉಂಡ.

ಮರುದಿನ ಅಪ್ಪ ಮಗ ನವಲಗುಂದಕ್ಕೆ ಹೋಗಿ ಲಿಖಿತ ದೂರು ಕೊಟ್ಟು ಬಂದರು. ದುಡ್ಡು ಇನ್ನೂ ವಾಪಸ್ ಬಂದಿಲ್ಲ, ಬರಬಹುದು, ಬಾರದಿರಬಹುದು. ಹುಡುಗ ವಾಪಸ್ ಬಂದಿದ್ದಾನೆ. 1930 ಎಂಬ ನಂಬರು ಮರೆಯದಿರಲು ರೇವವ್ವ ಒಂದು ಉಪಾಯ ಕಂಡುಕೊಂಡಿದ್ದಾಳೆ. ಸಂಘದ ಸಭೆಯಲ್ಲಿ ಎಲ್ಲರಿಗೂ ಹೇಳುತ್ತಾಳೆ: “ಹತ್ತೊಂಬತ್ತನೂರಾ ಮೂವತ್ತು, ನಮ್ಮತ್ತಿ ಹುಟ್ಟಿದ ಇಸವಿ. ಆಕಿ ಇದ್ದಾಗೂ ಓಣ್ಯಾಗ ಕಳ್ಳರು ಕಾಲಿಡತಿದ್ದಿಲ್ಲ.”

ಇನ್ನು ಈ ಕಥೆ ಓದುತ್ತಿರುವ, ಕೇಳುತ್ತಿರುವ ನಿಮಗೆ ನಾಲ್ಕು ಮಾತು.

ತಮ್ಮಂದಿರೇ, ಗುರುತಿಲ್ಲದವರ ವಿಡಿಯೋ ಕಾಲ್ ಎತ್ತಬೇಡಿರಿ. ಎತ್ತಿ ಸಿಕ್ಕಿಬಿದ್ದಿದ್ದರೆ ದುಡ್ಡು ಕೊಡಬೇಡಿರಿ, ಕೊಟ್ಟಷ್ಟೂ ಕೇಳುತ್ತಾರೆ. ಸಾಕ್ಷಿ ಅಳಿಸಬೇಡಿರಿ. ಕೂಡಲೇ 1930ಕ್ಕೆ ಕರೆ ಮಾಡಿರಿ, ಹತ್ತಿರದ ಪೊಲೀಸ್ ಠಾಣೆಗೆ ಹೋಗಿರಿ. ಜೀವವೇ ಬೇಡವೆನಿಸಿದರೆ 14416 ಎಂಬ ಟೆಲಿ ಮಾನಸ್ ನಂಬರಿಗೆ ಫೋನ್ ಮಾಡಿ ಮಾತಾಡಿರಿ, ಅದಕ್ಕೆ ದುಡ್ಡಿಲ್ಲ. ಎಲ್ಲಕ್ಕಿಂತ ಮೊದಲು ನಂಬಿಕೆಯ ಒಬ್ಬರಿಗೆ ಹೇಳಿರಿ. ಹದಿನೆಂಟು ತುಂಬದವರು ಇನ್ನೂ ಬೇಗ ಹೇಳಿರಿ.

ಅಪ್ಪಂದಿರೇ, ಅವ್ವಂದಿರೇ, ಮಗ ಉಣ್ಣದೆ ಎದ್ದರೆ ಯಾಕೆಂದು ಕೇಳಿರಿ. ಹೇಳಿದರೆ ಬಾರಕೋಲು ಎತ್ತಬೇಡಿರಿ, ನಗಬೇಡಿರಿ. “ಸುಸ್ತಾತೇನೋ?” ಎಂಬ ಎರಡಕ್ಷರದ ಮಾತು ಮನೆಯಲ್ಲೇ ಸಿಕ್ಕರೆ ಹುಡುಗರು ಅದನ್ನು ಗೌರಿಯ ಹತ್ತಿರ ಕೇಳಲು ಹೋಗುವುದಿಲ್ಲ. ಎರಡಕ್ಷರಕ್ಕಿಂತ ಹೆಚ್ಚಾಯಿತು ಎಂದು ಎಣಿಸುತ್ತ ಕೂಡಬೇಡಿರಿ, ಹೋಗಿ ಕೇಳಿರಿ.

ನಂದಾಳ ನಿಶ್ಚಯದ ದಿನ ಏನಾಯಿತು ಎಂಬುದೊಂದು ಬಾಕಿ ಇದೆ. ಬೀಗರು ಬಂದಿದ್ದರು, ಪಡಸಾಲೆ ತುಂಬಿತ್ತು. ಅಷ್ಟು ಹೊತ್ತಿಗೆ ಕಾಶಿನಾಥ ತನ್ನ ಕಥೆಯನ್ನು ಕಟ್ಟೆಯ ಹುಡುಗರಿಗೆ ತಾನೇ ಎರಡು ಸಲ ಹೇಳಿ ಮುಗಿಸಿದ್ದ. ಅವನು ಶಿರಾದ ಬುಟ್ಟಿ ಹಿಡಿದು ಬಡಿಸುತ್ತಿದ್ದಾಗ ಕಿಸೆಯ ಮೊಬೈಲ್ ಗುಂಯ್ ಎಂದಿತು. ಹೊಸ ನಂಬರು. ಈಗ ಅವನು ಒಬ್ಬನೇ ಎತ್ತುವವನಲ್ಲ. ಎಲ್ಲರ ಮುಂದೆ ಸ್ಪೀಕರ್ ಹಾಕಿ ಎತ್ತಿದ. ಎಳೆಯ ಹೆಣ್ಣುದನಿಯೊಂದು ಉಲಿಯಿತು:

“ಹಾಯ್ ಕಾಶೀ... ತಿಂಡಿ ಆಯ್ತಾ?”

ಜಮೀಲಾಬಿ ಎದ್ದು ನಿಂತಳು. ಕಾಶಿನಾಥ ಟ್ರ್ಯಾಕ್ಟರಿಗೆ ಕೊಡುವಂತೆ ಮೊಬೈಲಿಗೆ ಕಿವಿ ಕೊಟ್ಟ. ಗೌರಿಯ ದನಿಯ ಹಿಂದೆ ಅವನ ಮನೆಯ ಹಿತ್ತಲಿನ ಎಮ್ಮೆಯೇ ಒದರುತ್ತಿತ್ತು!

“ಆಗಿತ್ತವಾ ಗೌರವ್ವಾ,” ಎಂದ ಅವನು ಗಟ್ಟಿಯಾಗಿ. “ಭಾಳ ಆಗಿತ್ತು! ನಿಮ್ಮ ಅಮ್ಮಿ ಮಲಾಮ ತಂದ್ಲು, ಹಚ್ಚೂಕಿಂತ ಮದಲ ಹೋತು. ಈಗ ನಿನಗ ಹತ್ತೇತಿ ಕಾಣತೈತಿ, ಹಿತ್ತಲದಾಗ ಅಲ್ಲೇ ನಿಂದ್ರು, ಬಾರಕೋಲು ತೊಗೊಂಡು ಬಂದ ಕೆರೀತೀನಿ!”

ಹಿತ್ತಲಿನಲ್ಲಿ ಯುನೂಸ್ ಓಡಿದ ಸಪ್ಪಳಕ್ಕೆ ಎಮ್ಮೆ ಬೆದರಿ ಹಗ್ಗ ಹರಿದುಕೊಂಡಿತು. ರೇವವ್ವ ನಕ್ಕಳು, ಬೀಗರು ನಕ್ಕರು, ಶಂಭುಲಿಂಗಪ್ಪ ಮೀಸೆಯಲ್ಲಿ ನಕ್ಕ. ಎಲ್ಲರ ನಗುವಿನ ಮೇಲೆ ಒಂದು ನಗು ಮಾತ್ರ ತೊಲೆಗೆ ಬಡಿದು ಬೀದಿಯವರೆಗೂ ಕೇಳಿಸಿತು. ಶಿರಾದ ಬುಟ್ಟಿ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದವನು ಕಾಶಿನಾಥ.